ಯೂರಿಯಾ ಪಾಳಿಯಲ್ಲಿ ಹುಟ್ಟಿದ ಪ್ರಶ್ನೆ: ಚೀನಾಕ್ಕೂ ನನ್ನ ಗೋವಿನಜೋಳಕ್ಕೂ ಏನು ಸಂಬಂಧ? (2025ರ ಆಗಸ್ಟ್)

ಎರೆಹೊಲ_ಅಣ್ಣಿಗೇರಿ
ಎಲ್ಲರಿಗೂ ಶರಣು. ಇವತ್ತು ಬೆಳಗಿನ ಐದಕ್ಕೆ ಗೊಬ್ಬರಕ್ಕೆಂದು ಹೋದೆ. ನನಗಿಂತ ಮೊದಲೇ ನಲವತ್ತು ಜೋಡಿ ಚಪ್ಪಲಿ ಪಾಳಿ ಹಚ್ಚಿದ್ದವು. ಚಪ್ಪಲಿ ಮಾಲೀಕರೆಲ್ಲ ಚಹಾದಂಗಡಿ ಕಟ್ಟೆ ಮೇಲೆ. ಒಬ್ಬರಂತೂ ಆಧಾರ್ ಜೆರಾಕ್ಸ್ ಮೇಲೆ ಕಲ್ಲು ಇಟ್ಟು, ಮನೆಗೆ ಹೋಗಿ ಎಮ್ಮೆ ಹಿಂಡಿ ವಾಪಸ್ ಬಂದರು. ಹತ್ತೂವರೆಗೆ ಬಾಗಿಲು ತೆರೆದರು, ಹನ್ನೆರಡಕ್ಕೆ ಮುಗೀತು ಅಂದರು. ನನ್ನ ಮುಂದೆ ಇನ್ನೂ ಆರು ಜನ ಇದ್ದರು.

ನನ್ನದು ನಾಲ್ಕು ಎಕರೆ ಗೋವಿನಜೋಳ. ಬಿತ್ತಿದ್ದು ತಡವಾಯಿತು, ಈಗ ಮೊಳಕಾಲಿಗೆ ಬಂದಿದೆ. ಕೆಳಗಿನ ಎಲೆ ತುದಿಯಿಂದ ಹಳದಿ ತಿರುಗುತ್ತಿದೆ. ಮೇಲುಗೊಬ್ಬರ ಹಾಕುವ ಹೊತ್ತು ಇದೇ, ಇನ್ನೊಂದು ವಾರ ಹೋದರೆ ಹಾಕಿದರೂ ಅಷ್ಟಕ್ಕಷ್ಟೇ.

ಪಾಳಿಯಲ್ಲಿ ಒಬ್ಬ ಹುಡುಗ ಮೊಬೈಲ್ ನೋಡಿ ಹೇಳಿದ, ಚೀನಾದ ವಿದೇಶಾಂಗ ಮಂತ್ರಿ ವಾಂಗ್ ಯಿ ಮೊನ್ನೆ ದೆಹಲಿಗೆ ಬಂದಿದ್ದರಂತೆ, ಇನ್ನು ಮೇಲೆ ಭಾರತಕ್ಕೆ ಗೊಬ್ಬರ ಬಿಡುತ್ತಾರಂತೆ ಅಂತ. ಅಂದರೆ ಇಷ್ಟು ದಿನ ಹಿಡಿದು ಕೂತಿದ್ದರಾ? ಗಡಿಯಲ್ಲಿ ಜಗಳ ಇದ್ದರೆ ಗಡಿಯಲ್ಲಿ ಆಡಲಿ. ನನ್ನ ಹೊಲ ಇರುವುದು ಅಣ್ಣಿಗೇರಿಯಲ್ಲಿ, ಲಡಾಖ್‌ನಲ್ಲಿ ಅಲ್ಲ. ತಿಳಿದವರು ಹೇಳಿ.

ಗಿರ್ಮಿಟ್_ಗೆಳೆಯ
ಅಣ್ಣಾ, ನಲವತ್ತು ಜೋಡಿಯಲ್ಲಿ ನಿಮ್ಮ ಚಪ್ಪಲಿ ವಾಪಸ್ ಸಿಕ್ತಾ? ಅದನ್ನು ಮೊದಲು ಹೇಳಿ.

ಎರೆಹೊಲ_ಅಣ್ಣಿಗೇರಿ
ಸಿಕ್ತು. ಪಾಳಿಯಿಂದ ತಂದದ್ದು ಅದೊಂದೇ.

ಕಾಮರ್ಸ್_ಮೇಷ್ಟ್ರು_ಧಾರವಾಡ
ಹಿಡಿದಿದ್ದು ಹೌದು. ಹೊಸದೇನಲ್ಲ. 2021ರ ಅಕ್ಟೋಬರ್‌ನಿಂದಲೇ ಚೀನಾ ಗೊಬ್ಬರದ ರಫ್ತಿಗೆ ಹೆಚ್ಚುವರಿ ತಪಾಸಣೆ ಅಂತ ಒಂದು ಬಾಗಿಲು ಇಟ್ಟಿತು. ಬೇಕಾದಾಗ ತೆಗೆಯುವುದು, ಬೇಡವಾದಾಗ ಹಾಕುವುದು. ನಿಷೇಧ ಅಂತ ಬಾಯಿಬಿಟ್ಟು ಹೇಳುವುದಿಲ್ಲ, 'ತಪಾಸಣೆ ನಡೀತಿದೆ' ಅನ್ನುತ್ತಾರೆ. ಹಡಗು ಬಂದರಿನಲ್ಲೇ ಕಾಯುತ್ತದೆ, ಯಾರ ಮೇಲೂ ದೂರು ಹಾಕುವ ಹಾಗಿಲ್ಲ. 2023-24ರಲ್ಲಿ ಅಲ್ಲಿಂದ ನಮಗೆ ಸುಮಾರು 22 ಲಕ್ಷ ಟನ್ ಡಿಎಪಿ, ಅಂದರೆ ಫಾಸ್ಫೇಟ್ ಗೊಬ್ಬರ, ಬಂದಿತ್ತು. ಮರು ವರ್ಷ ಎಂಟು ಲಕ್ಷ ಚಿಲ್ಲರೆಗೆ ಇಳಿಯಿತು.

ನಾವೇನು ಸುಮ್ನೆ ಕೂತಿದ್ದೆವು ಅಂತಲ್ಲ. 2020ರ ಏಪ್ರಿಲ್‌ನಲ್ಲೇ ಚೀನಾದ ಬಂಡವಾಳಕ್ಕೆ ಸರ್ಕಾರದ ಅನುಮತಿ ಕಡ್ಡಾಯ ಮಾಡಿದೆವು, ಗಲ್ವಾನ್ ಗಡಿ ಘರ್ಷಣೆ ಆದ ಮೇಲೆ ಜೂನ್‌ನಲ್ಲಿ 59 ಆ್ಯಪ್ ಬಂದ್ ಮಾಡಿದೆವು. ಅವರು ಗೊಬ್ಬರ ಹಿಡಿದರು, 2025ರ ಏಪ್ರಿಲ್‌ನಲ್ಲಿ ಅಪರೂಪದ ಖನಿಜಗಳಿಗೂ ಮೂಗುದಾರ ಹಾಕಿದರು, ಮೋಟಾರಿನ ಮ್ಯಾಗ್ನೆಟ್ ಆಗುವುದು ಅದರಿಂದಲೇ. ಸುರಂಗ ಕೊರೆಯುವ ಯಂತ್ರ ಕೂಡ ಅಲ್ಲೇ ಸಿಕ್ಕಿಕೊಂಡಿತ್ತು. ಮೊನ್ನೆಯ ಮಾತುಕತೆಯಲ್ಲಿ ಈ ಮೂರೂ ಒಟ್ಟಿಗೆ ಇದ್ದವಂತೆ: ಗೊಬ್ಬರ, ಖನಿಜ, ಕೊರೆಯುವ ಯಂತ್ರ.

ಗಂಡುಮೆಟ್ಟಿದ_ಹುಬ್ಬಳ್ಳಿ
ಅದಕ್ಕೇ ಹೇಳುವುದು, ಚೀನಾ ಮಾಲು ಪೂರ್ತಿ ಬಹಿಷ್ಕಾರ ಮಾಡಬೇಕು. ಬುದ್ಧಿ ಬರುತ್ತದೆ ಅವರಿಗೆ.

ಗಿರ್ಮಿಟ್_ಗೆಳೆಯ
ಬಹಿಷ್ಕಾರ ಮಾಡಬೇಕೆಂದರೆ ಅವರು ಮೊದಲು ಮಾರಬೇಕಲ್ಲ ಅಣ್ಣಾ. ಇಲ್ಲಿ ಅವರೇ ನಮ್ಮನ್ನು ಬಹಿಷ್ಕರಿಸಿ ಕೂತಿದ್ದಾರೆ.

ರೇಕ್_ಪಾಯಿಂಟ್_ಹಾವೇರಿ
ಗೊಬ್ಬರದ ವ್ಯಾಪಾರದಲ್ಲೇ ಇಪ್ಪತ್ತು ವರ್ಷ ಕಳೆದವನು ನಾನು. ಮೇಷ್ಟ್ರು ಹೇಳಿದ್ದು ಡಿಎಪಿಗೆ ಸರಿ. ಅಣ್ಣಿಗೇರಿಯವರು ಕೇಳಿದ್ದು ಯೂರಿಯಾ. ಎರಡನ್ನೂ ಕಲಸಬೇಡಿ.

ಯೂರಿಯಾ ಬಹುಪಾಲು ಇಲ್ಲೇ ತಯಾರಾಗುತ್ತದೆ. 2024-25ರಲ್ಲಿ ದೇಶದಲ್ಲಿ ಆಗಿದ್ದು ಸುಮಾರು 306 ಲಕ್ಷ ಟನ್, ಹೊರಗಿನಿಂದ ಬಂದದ್ದು 56 ಲಕ್ಷ. ಹಾಗಾದರೆ ಈ ಸಲ ಪಾಳಿ ಯಾಕೆ? ಮಳೆ ಬೇಗ ಬಂತು, ಗೋವಿನಜೋಳ ಎಲ್ಲಾ ಕಡೆ ಜಾಸ್ತಿ ಬಿತ್ತಿದರು. ಗೋವಿನಜೋಳ ಯೂರಿಯಾ ತಿನ್ನುವುದು ನಿಮಗೇ ಗೊತ್ತು. ಜೊತೆಗೆ ಡಿಎಪಿ ಸಿಗದವರು ಅದರ ಬದಲಿಗೂ ಯೂರಿಯಾನೇ ಸುರಿದರು. 45 ಕಿಲೋ ಚೀಲ ನಿಮಗೆ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ಹೊರಗಿನಿಂದ ತಂದರೆ ಅದೇ ಚೀಲ ಎರಡು ಸಾವಿರದ ಆಸುಪಾಸು ಬೀಳುತ್ತದೆ. ಇಷ್ಟು ಅಂತರ ಇದ್ದಲ್ಲಿ ಮಾಲು ಹೊಲಕ್ಕೆ ಮಾತ್ರ ಹೋಗುತ್ತದೆ ಅಂತ ನಂಬಿದರೆ ನಿಮ್ಮಷ್ಟು ಒಳ್ಳೆಯವರು ಯಾರೂ ಇಲ್ಲ. ಪ್ಲೈವುಡ್ ಅಂಟಿಗೂ ಹೋಗುತ್ತದೆ.

ಎಲ್ಲಾ ಚೀನಾದ ತಲೆಗೆ ಕಟ್ಟುವುದು ಇಲ್ಲಿನವರಿಗೆ ಅನುಕೂಲ, ಅಷ್ಟೇ.

ಎರೆಹೊಲ_ಅಣ್ಣಿಗೇರಿ
ಇಪ್ಪತ್ತು ವರ್ಷದ ಅನುಭವದವರೇ, ಹಾಗಾದರೆ ಇದನ್ನೂ ಹೇಳಿಬಿಡಿ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಎರಡು ಚೀಲಕ್ಕೆ ಒಂದು ನ್ಯಾನೋ ಗೊಬ್ಬರದ (ದ್ರವ) ಬಾಟಲಿ ತೆಗೆದುಕೊಂಡರೆ ಮಾತ್ರ ಕೊಡುತ್ತೇನೆ ಅಂದರು. ಅದು ಯಾವ ದೇಶದ ವಿದೇಶಾಂಗ ನೀತಿ?

ರೇಕ್_ಪಾಯಿಂಟ್_ಹಾವೇರಿ
ನಮಗೂ ಮೇಲಿನಿಂದ ಹಾಗೇ ಲಿಂಕ್ ಮಾಡಿ ಕಳಿಸುತ್ತಾರೆ. ಬಾಟಲಿ ಬೇಡ ಅಂದರೆ ನಮಗೆ ಮುಂದಿನ ಲೋಡ್ ಇಲ್ಲ. ತಪ್ಪು ಅಂತ ಗೊತ್ತು. ಬೈಯಿರಿ, ಬೈಸಿಕೊಳ್ಳುತ್ತೇನೆ.

ಕಾಮರ್ಸ್_ಮೇಷ್ಟ್ರು_ಧಾರವಾಡ
ರೇಕ್ ಅವರು ನನ್ನನ್ನು ತಿದ್ದಿದ್ದು ಸರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. 'ಇಲ್ಲೇ ತಯಾರಾಗುತ್ತದೆ' ಅನ್ನುವ ಯೂರಿಯಾ ಆಗುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ, ಅದರಲ್ಲೂ ಕತಾರ್‌ನಿಂದ. 2024ರ ಫೆಬ್ರವರಿಯಲ್ಲಿ ಕತಾರ್ ಜೊತೆ ವರ್ಷಕ್ಕೆ 75 ಲಕ್ಷ ಟನ್ ಲೆಕ್ಕದಲ್ಲಿ 2048ರವರೆಗೆ ಒಪ್ಪಂದ ಮುಂದುವರಿಸಿದ್ದು ಸುಮ್ನೆ ಅಲ್ಲ. ಆ ಹಡಗುಗಳೆಲ್ಲ ಇರಾನ್ ಪಕ್ಕದ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಹನ್ನೆರಡು ದಿನ ಬಡಿದಾಡಿದಾಗ ಎಲ್ಲರೂ ಪೆಟ್ರೋಲ್ ಚಿಂತೆ ಮಾಡಿದರು, ನಾನು ಗೊಬ್ಬರದ ಚಿಂತೆ ಮಾಡುತ್ತಿದ್ದೆ.

ಪೊಟ್ಯಾಷ್ ಅಂತೂ ಪೂರ್ತಿ ಆಮದು.

ರೇಕ್_ಪಾಯಿಂಟ್_ಹಾವೇರಿ
ಚೀಲದ ಮೇಲೆ ದೊಡ್ಡದಾಗಿ 'ಭಾರತ್' ಅಂತ ಬರೆದಿರುತ್ತದಲ್ಲ, 2022ರಿಂದ ಎಲ್ಲಾ ಕಂಪನಿ ಚೀಲಕ್ಕೂ ಅದೇ ಹೆಸರು. ಒಳಗಿನ ಮಾಲು ಸೌದಿಯದ್ದೋ ಮೊರಾಕ್ಕೋದ್ದೋ ಇರುತ್ತದೆ. ಹಮಾಲರು ನಗುತ್ತಾರೆ, 'ಸಾಹುಕಾರ್ರೇ, ಇವತ್ತು ಯಾವ ದೇಶದ ಭಾರತ್ ಇಳಿಸಬೇಕು?' ಅಂತ.

ಗಿರ್ಮಿಟ್_ಗೆಳೆಯ
ಹಮಾಲಣ್ಣನನ್ನು ವಿಶ್ವಸಂಸ್ಥೆಗೆ ಕಳಿಸಿ.

ಉಳ್ಳಾಗಡ್ಡಿ_ಗದಗ
ಎಲ್ಲರೂ ಚೀನಾಕ್ಕೆ ಬೈದಾಯಿತಾ? ಈಗ ನಾನು ಬೈಸಿಕೊಳ್ಳುವ ಮಾತು ಹೇಳುತ್ತೇನೆ. ಇದನ್ನೇ ನಾವು ಬೇರೆಯವರಿಗೆ ಮಾಡಿದ್ದೇವೆ. ಅದೂ ನಮ್ಮ ಹೊಲದ ಉಳ್ಳಾಗಡ್ಡಿ ಇಟ್ಟುಕೊಂಡು.

2023ರ ಡಿಸೆಂಬರ್ 8. ಮುಂಗಾರು ಕೈಕೊಟ್ಟ ವರ್ಷ, ನಮ್ಮ ಕಡೆ ಅರ್ಧ ಬೆಳೆ. ಇದ್ದದ್ದಕ್ಕೆ ಒಳ್ಳೆ ರೇಟು ಇತ್ತು. ನಾನು ಹಿಂದಿನ ದಿನ ಅರವತ್ತು ಚೀಲ ಹೊಲಿಸಿ ಟ್ರಾಕ್ಟರ್‌ಗೆ ಹೇರಿದ್ದೆ. ಬೆಳಗ್ಗೆ ಮಾರ್ಕೆಟ್ ಮುಟ್ಟುವುದರಲ್ಲಿ ರಫ್ತು ಬಂದ್ ಅಂತ ಆದೇಶ. ಖರೀದಿದಾರರು ಚೀಲ ಬಿಚ್ಚಿಸಿ ಎರಡು ಗಡ್ಡಿ ಕೈಯಲ್ಲಿ ಹಿಡಿದು, ಹಾಗೇ ವಾಪಸ್ ಹಾಕಿ ಮುಂದೆ ಹೋದರು. ಸಂಜೆಯೊಳಗೆ ರೇಟು ಅರ್ಧಕ್ಕೆ ಬಿತ್ತು. ಟ್ರಾಕ್ಟರ್ ಬಾಡಿಗೆ, ಹಮಾಲಿ, ಸೂಟು (ತೂಕದ ಕಡಿತ) ಕಳೆದು ಕೈಗೆ ಬಂದದ್ದರಲ್ಲಿ ಬೀಜದ ಸಾಲ ತೀರಲಿಲ್ಲ.

ಇಲ್ಲಿಯವರೆಗೆ ನಮ್ಮ ಗೋಳು. ಆಮೇಲಿನದು ಕೇಳಿ. ನಮಗೆ ರಫ್ತು ಬಂದ್ ಇರುವಾಗಲೇ ಸರ್ಕಾರ–ಸರ್ಕಾರದ ನಡುವೆ ಬಾಂಗ್ಲಾದೇಶಕ್ಕೆ 50,000 ಟನ್, ಯುಎಇಗೆ 14,400 ಟನ್ ಬಿಟ್ಟರು. ಭೂತಾನ್, ಮಾರಿಷಸ್, ಬಹರೈನ್, ಶ್ರೀಲಂಕಾಕ್ಕೂ ಸ್ವಲ್ಪ ಸ್ವಲ್ಪ. ಮಾಲ್ಡೀವ್ಸ್‌ನಲ್ಲಿ 'ಭಾರತದವರು ಹೊರಗೆ ಹೋಗಿ' ಅಂತ ಹೇಳಿ ಗೆದ್ದ ಅಧ್ಯಕ್ಷ ಮುಯಿಝು ನಮ್ಮ ಸೈನಿಕರನ್ನು ವಾಪಸ್ ಕಳಿಸುತ್ತಿದ್ದರು, ಅದೇ ಹೊತ್ತಿಗೆ, 2024ರ ಏಪ್ರಿಲ್‌ನಲ್ಲಿ, ಅವರಿಗೆ 35,749 ಟನ್ ಉಳ್ಳಾಗಡ್ಡಿ ಕೋಟಾ ಮಂಜೂರಾಯಿತು! ಯಾರಿಗೆ ಬಿಡಬೇಕು, ಯಾರಿಗೆ ಬಿಡಬಾರದು ಅಂತ ದೆಹಲಿ ತೀರ್ಮಾನ ಮಾಡಿತು. ಚೀನಾ ಮಾಡಿದ್ದು ಇದೇ ಅಲ್ವಾ?

ಗಂಡುಮೆಟ್ಟಿದ_ಹುಬ್ಬಳ್ಳಿ
ಹೋಲಿಕೆ ತಪ್ಪು. ನಾವು ಕೊಟ್ಟು ಗೆಳೆತನ ಮಾಡಿದೆವು, ಅವರು ಹಿಡಿದು ಹೆದರಿಸಿದರು. ಮಾಲ್ಡೀವ್ಸ್ ಲೆಕ್ಕ ನೋಡಿ, 2025ರ ಜುಲೈನಲ್ಲಿ ಅದೇ ಮುಯಿಝು ಅವರ ಸ್ವಾತಂತ್ರ್ಯ ದಿನಕ್ಕೆ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ. ಒಂದು ಗುಂಡು ಹಾರಲಿಲ್ಲ. ಇದಕ್ಕಿಂತ ಅಗ್ಗದ ವಿದೇಶಾಂಗ ನೀತಿ ಇದೆಯಾ?

ಉಳ್ಳಾಗಡ್ಡಿ_ಗದಗ
ಅಗ್ಗ ಯಾರಿಗೆ?

ಗಂಡುಮೆಟ್ಟಿದ_ಹುಬ್ಬಳ್ಳಿ
ದೇಶಕ್ಕೆ.

ಉಳ್ಳಾಗಡ್ಡಿ_ಗದಗ
ನಾನೂ ದೇಶದಲ್ಲೇ ಇದ್ದೇನೆ ತಮ್ಮಾ. ಗದಗ ಇನ್ನೂ ಹೊರಗೆ ಹೋಗಿಲ್ಲ.

ಶಿಗ್ಗಾಂವಿ_ಅಕ್ಕ
ಇದೇ ಮಾತಿಗೆ ಬರಬೇಕು ಅಂತ ಕಾಯುತ್ತಿದ್ದೆ. 'ಚೀನಾ ಹೀಗೆ ಮಾಡಿತು, ಭಾರತ ಹಾಗೆ ಮಾಡಿತು' ಅನ್ನುವಾಗ ದೇಶ ಅಂದರೆ ಒಬ್ಬ ಮನುಷ್ಯ, ಅವನಿಗೊಂದು ಮನಸ್ಸು ಅಂದುಕೊಳ್ಳುತ್ತೇವೆ. ಒಳಗೆ ನಮ್ಮ ಕೂಡು ಮನೆ ಥರ ಹತ್ತು ಜನ ಹತ್ತು ಕಡೆ ಎಳೆಯುತ್ತಿರುತ್ತಾರೆ. ಚೀನಾ ಗೊಬ್ಬರ ಹಿಡಿದಿದ್ದು ಬರೀ ನಮ್ಮ ಮೇಲಿನ ಸಿಟ್ಟಿಗಲ್ಲ. ಅಲ್ಲಿನ ರೈತರಿಗೆ ರೇಟು ಏರಬಾರದು, ಜೊತೆಗೆ ಅದೇ ಫಾಸ್ಫೇಟ್ ಈಗ ಗಾಡಿ ಬ್ಯಾಟರಿಗೂ ಬೇಕು.

ನಮ್ಮಲ್ಲಿ ರಷ್ಯಾ ಎಣ್ಣೆ ನೋಡಿ. 2022ರ ಮೊದಲು ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ, ಉಕ್ರೇನ್ ಯುದ್ಧ ಶುರುವಾದ ಮೇಲೆ ಮೂರನೇ ಒಂದು ಪಾಲು ದಾಟಿತು. ಅಗ್ಗಕ್ಕೆ ಸಿಕ್ಕಿತು, ತಂದರು. ದೇಶದ ಹಿತ ಅಂದರು, ನಾನೂ ಒಪ್ಪುತ್ತೇನೆ. ಲಾಭದ ದೊಡ್ಡ ಪಾಲು ರಿಫೈನರಿಗೆ ಹೋಯಿತು. ಹುಬ್ಬಳ್ಳಿ ಬಂಕಿನಲ್ಲಿ ಪೆಟ್ರೋಲ್ ರೇಟು ಅಷ್ಟು ಇಳಿದದ್ದು ನಾನು ನೋಡಲಿಲ್ಲ. ಅದೇ ಎಣ್ಣೆಯ ನೆಪ ಹೇಳಿ ಟ್ರಂಪ್ ಇನ್ನೊಂದು 25 ಸೇರಿಸಿ ಒಟ್ಟು ನೂರಕ್ಕೆ 50 ಸುಂಕ ಅಂತ ಘೋಷಿಸಿದರು, 2025ರ ಆಗಸ್ಟ್ 27ರಿಂದ ಜಾರಿ. ಅದರ ಪೆಟ್ಟು ಬಿದ್ದದ್ದು ತಿರುಪ್ಪೂರಿನ ಬನಿಯನ್ ಹೊಲಿಯುವವರ ಮೇಲೆ, ಆಂಧ್ರದ ಸಿಗಡಿ ಸಾಕುವವರ ಮೇಲೆ. ಎಣ್ಣೆ ಲಾಭದವರು ಬೇರೆ, ಸುಂಕದ ಪೆಟ್ಟು ತಿನ್ನುವವರು ಬೇರೆ.

ಬ್ಯಾಡಗಿ_ಕೆಂಪು
ಅಕ್ಕಾರೇ, ನಮ್ಮನ್ನೂ ಸೇರಿಸಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ಒಲಿಯೋರೆಸಿನ್ ಅಂತ ಹೊರದೇಶಕ್ಕೆ ಕಳಿಸುತ್ತಾರೆ, ತಿಂಡಿಗೂ ಹಾಕುತ್ತಾರೆ, ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಬಣ್ಣ ತೆಗೆಯುವವರು ಖರೀದಿ ನಿಲ್ಲಿಸಿದರೆ ನಮ್ಮ ಟೆಂಡರ್‌ನಲ್ಲಿ ಅದೇ ದಿನ ಗೊತ್ತಾಗುತ್ತದೆ.

ನಮ್ಮ ಚಿಕ್ಕಮ್ಮ ರಾಣೆಬೆನ್ನೂರ ಹತ್ತಿರ ಮಿಡಿಸೌತೆ ಬೆಳೆಯುತ್ತಾರೆ, ಕಂಪನಿ ಒಪ್ಪಂದದ ಮೇಲೆ. ಮನೆಯಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ. ಬೆರಳು ಗಾತ್ರ ಇದ್ದಾಗಲೇ ಹರಿಯಬೇಕು, ಒಂದು ದಿನ ತಡ ಆದರೆ ಗ್ರೇಡ್ ಇಳಿಯುತ್ತದೆ. ಉಪ್ಪುನೀರಿನ ಡ್ರಮ್ಮಿನಲ್ಲಿ ಹಾಕಿ ರಷ್ಯಾಕ್ಕೂ ಕಳಿಸುತ್ತಾರೆ, ಅಮೆರಿಕಾಕ್ಕೂ ಕಳಿಸುತ್ತಾರೆ. ಅವರಿಬ್ಬರ ಜಗಳ ಚಿಕ್ಕಮ್ಮನ ಹೊಲದಲ್ಲಿ ಮುಗಿದಿದೆ.

ಗಿರ್ಮಿಟ್_ಗೆಳೆಯ
ಚಿಕ್ಕಮ್ಮನಿಗೆ ನೊಬೆಲ್ ಶಾಂತಿ ಪ್ರಶಸ್ತಿ. ಟ್ರಂಪ್ ಸಾಹೇಬರು ಬೇಜಾರು ಮಾಡಿಕೊಳ್ಳಬಾರದು.

ಕಾಮರ್ಸ್_ಮೇಷ್ಟ್ರು_ಧಾರವಾಡ
ಈಗ ಹಳೆಯ ಕಥೆ ಒಂದು. ಬೇಸರ ಆದರೆ ಮುಂದಕ್ಕೆ ಹೋಗಿ.

1966ರಲ್ಲಿ ನಾನು ಎರಡನೇ ಇಯತ್ತೆ. ಸಾಲಿಯಲ್ಲಿ ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು, ಅಮೆರಿಕಾದಿಂದ ಬಂದ ಹಿಟ್ಟಿನದು. ತಾಟು ಮನೆಯಿಂದ ಒಯ್ಯಬೇಕು. ಕೆಲವು ವಾರ ಉಪ್ಪಿಟ್ಟು ಇರುತ್ತಿರಲಿಲ್ಲ, ಗುರುಗಳು 'ಇನ್ನೂ ಬಂದಿಲ್ಲ' ಅನ್ನುತ್ತಿದ್ದರು. ನಾವು ಖಾಲಿ ತಾಟು ಬಡಿಯುತ್ತ ಮನೆಗೆ ಓಡುತ್ತಿದ್ದೆವು. ನಮ್ಮ ಸಾಲಿಯ ಉಪ್ಪಿಟ್ಟು ನಿಂತದ್ದಕ್ಕೆ ಕಾರಣ ಏನೋ, ರಸ್ತೆ ಕೆಟ್ಟಿರಬಹುದು. ದೊಡ್ಡವನಾಗಿ ಓದಿದಾಗ ಗೊತ್ತಾದದ್ದು ಬೇರೆ. ಎರಡು ವರ್ಷ ಸಾಲಾಗಿ ಬರ ಬಿದ್ದು ದೇಶ ಪಿಎಲ್ 480 ಅನ್ನುವ ಅಮೆರಿಕಾದ ಆಹಾರ ನೆರವಿನ ಗೋಧಿ ನಂಬಿಕೊಂಡಿತ್ತು. ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ಒಮ್ಮೆಗೆ ಬಿಡದೆ ತಿಂಗಳಿಗಿಷ್ಟು ಅಂತ ಬಿಗಿ ಹಿಡಿದು ಬಿಡುತ್ತಿದ್ದರು. ಒಂದು ಕಾರಣ, ನೀವು ಕೃಷಿ ನೀತಿ ಸರಿಮಾಡಿಕೊಳ್ಳಿ ಅನ್ನುವುದು. ಇನ್ನೊಂದು, ವಿಯೆಟ್ನಾಂ ಯುದ್ಧವನ್ನು ನಾವು ಟೀಕೆ ಮಾಡುತ್ತಿದ್ದದ್ದು.

ಬಾಂಗ್ಲಾದೇಶದ್ದು ಇನ್ನೂ ಕೆಟ್ಟದ್ದು. 1974ರ ಬರಗಾಲದ ಹೊತ್ತಿಗೆ ಅವರು ಕ್ಯೂಬಾಕ್ಕೆ ಗೋಣಿಚೀಲ ಮಾರಿದ್ದರು. ಬರೀ ಗೋಣಿಚೀಲ. ಕ್ಯೂಬಾ ಜೊತೆ ವ್ಯಾಪಾರ ಮಾಡುವವರಿಗೆ ಆಹಾರ ನೆರವು ಇಲ್ಲ ಅಂತ ಅಮೆರಿಕಾ ಕಾನೂನು ತೋರಿಸಿ ತಡೆಯಿತು. ಧಾನ್ಯ ತಲುಪುವ ಹೊತ್ತಿಗೆ ತಡವಾಗಿತ್ತು.

ಉಳ್ಳಾಗಡ್ಡಿ_ಗದಗ
ಗೋಣಿಚೀಲ ಅಂದಿರಿ, ನೆನಪಾಯಿತು. 2025ರ ಜೂನ್ ಕೊನೆಗೆ ಬಾಂಗ್ಲಾದ ಸೆಣಬಿನ ಮಾಲು ಭೂಗಡಿಯಿಂದ ಬರಬಾರದು, ಬಂದರೆ ಮುಂಬೈ ಕಡೆಯ ನಾವಾ ಶೇವಾ ಬಂದರಿಗೇ ಬರಬೇಕು ಅಂತ ನಾವು ಆದೇಶ ಮಾಡಿದೆವು. ಪಕ್ಕದ ಮನೆಯವರು ಹಿತ್ತಲಿನಿಂದ ಬರಬಾರದು, ಊರು ಸುತ್ತಿ ಮುಂಬಾಗಿಲಿಗೇ ಬರಬೇಕು ಅಂದ ಹಾಗೆ. ಅಲ್ಲಿ ಪ್ರಧಾನಿಯಾಗಿ ಹಸೀನಾ ಇದ್ದಾಗ ಉಳ್ಳಾಗಡ್ಡಿ, ಹೋದ ಮೇಲೆ ಬೇಲಿ. 2019ರಲ್ಲಿ ಒಮ್ಮೆ ಹೇಳದೆ ಕೇಳದೆ ಉಳ್ಳಾಗಡ್ಡಿ ನಿಲ್ಲಿಸಿದಾಗ ಹಸೀನಾ ದೆಹಲಿಗೇ ಬಂದು, ಅಡುಗೆಯವರಿಗೆ ಉಳ್ಳಾಗಡ್ಡಿ ಹಾಕಬೇಡಿ ಅಂದಿದ್ದೇನೆ ಅಂತ ನಗುತ್ತಲೇ ಚುಚ್ಚಿದ್ದರು.

ನೀರಸಾಗರ_ನೀರಿಲ್ಲ
ಇಷ್ಟೆಲ್ಲ ದೇಶ ಸುತ್ತಿದಿರಿ, ಮಹದಾಯಿ ನದಿ ನೀರಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಗೋವಾ ಜೊತೆಗೇ ಇನ್ನೂ ಬಗೆಹರಿದಿಲ್ಲ. 2018ರಲ್ಲಿ ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಅಂದಿತು, ಅದರಲ್ಲಿ ಕಳಸಾ–ಬಂಡೂರಿಗೆ 3.9. ನರಗುಂದ, ನವಲಗುಂದದವರು 2015ರಿಂದ ಪೆಂಡಾಲ್ ಹಾಕಿ ಕೂತರು, ಪೆಂಡಾಲ್ ಬಟ್ಟೆ ಹರಿದಿದ್ದೇ ಬಂತು.

ಗಂಡುಮೆಟ್ಟಿದ_ಹುಬ್ಬಳ್ಳಿ
ಇದೊಂದು ಮಾತಿಗೆ ನನ್ನ ಒಪ್ಪಿಗೆ ಇದೆ. ನೀರು ನಮ್ಮ ಖಾನಾಪುರದಲ್ಲಿ ಹುಟ್ಟುತ್ತದೆ, ನಮ್ಮ ಹಕ್ಕು.

ಶಿಗ್ಗಾಂವಿ_ಅಕ್ಕ
ಮೇಲಿನವರು ಎಲ್ಲರೂ 'ನಮ್ಮಲ್ಲಿ ಹುಟ್ಟುತ್ತದೆ' ಅನ್ನುತ್ತಾರೆ. ಕೆಳಗಿನವರು 'ಮೊದಲಿನಿಂದ ಹರಿದು ಬಂದಿದೆ' ಅನ್ನುತ್ತಾರೆ. ಪಹಲ್ಗಾಮ್ ದಾಳಿಯ ಮರುದಿನ ನಾವು ಪಾಕಿಸ್ತಾನದ ಜೊತೆಗಿನ 1960ರ ಸಿಂಧೂ ನದಿ ಒಪ್ಪಂದ ತಡೆಹಿಡಿದೆವು, ಅಲ್ಲಿ ನಾವು ಮೇಲಿನವರು. 2025ರ ಜುಲೈನಲ್ಲಿ ಚೀನಾ ಟಿಬೆಟ್‌ನಲ್ಲಿ ಬ್ರಹ್ಮಪುತ್ರಕ್ಕೆ ದೊಡ್ಡ ಅಣೆಕಟ್ಟಿನ ಕೆಲಸ ಶುರು ಮಾಡಿತು, ಅಲ್ಲಿ ನಾವು ಕೆಳಗಿನವರು. ಅಲ್ಲಿ 'ಹುಟ್ಟಿದ ಕಡೆ ಹಕ್ಕು' ಅಂತ ಒಪ್ಪುತ್ತೀರಾ ಅಣ್ಣಾ?

ಗಂಡುಮೆಟ್ಟಿದ_ಹುಬ್ಬಳ್ಳಿ
ಅದು ಬೇರೆ ವಿಷಯ.

ಗಿರ್ಮಿಟ್_ಗೆಳೆಯ
ಎಲ್ಲಾ ದೇಶದ ವಿದೇಶಾಂಗ ಇಲಾಖೆಯ ಬೋರ್ಡ್ ಮೇಲೆ ಬರೆಸಬೇಕಾದ ಮಾತು ಅಣ್ಣ ಹೇಳಿದರು.

ನಿರ್ವಾಹಕ
ಮಹದಾಯಿಗೆ ಬೇರೆ ಎಳೆ ಇದೆ, ಅಲ್ಲಿ 900 ಪ್ರತಿಕ್ರಿಯೆ ಆಗಿವೆ, ದಯವಿಟ್ಟು ಅಲ್ಲಿಗೆ ಹೋಗಿ ಜಗಳ ಆಡಿ. ಇಲ್ಲಿ ಗೊಬ್ಬರ.

ರೇಕ್_ಪಾಯಿಂಟ್_ಹಾವೇರಿ
ಗೊಬ್ಬರಕ್ಕೇ ಬರುತ್ತೇನೆ. ಮೊರಾಕ್ಕೋ ಬಗ್ಗೆ ಒಂದು ಮಾತು ನನಗೆ ಬಹಳ ದಿನದಿಂದ ಕೊರೆಯುತ್ತಿತ್ತು, ಮೇಷ್ಟ್ರು ಹೇಳಬೇಕು. ಲೋಕದ ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಅವರ ಹತ್ತಿರ ಇದೆಯಂತೆ. ಅದರ ಒಂದು ಗಣಿ ಪಶ್ಚಿಮ ಸಹಾರಾದಲ್ಲಿ, ಆ ಜಾಗ ಯಾರದು ಅಂತಲೇ ಜಗಳ. ನಾವು ಯಾರ ಕಡೆ?

ಕಾಮರ್ಸ್_ಮೇಷ್ಟ್ರು_ಧಾರವಾಡ
ಎರಡೂ ಕಡೆ ಇದ್ದು ಬಂದವರು ನಾವು. 1985ರಲ್ಲಿ ಸಹಾರಾದವರ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟೆವು, ವಸಾಹತುಶಾಹಿಯಿಂದ ಬಿಡುಗಡೆ ಆಗಬೇಕು ಅನ್ನುವ ಕಾಲ ಅದು. 2000ದಲ್ಲಿ ಮಾನ್ಯತೆ ವಾಪಸ್ ತೆಗೆದುಕೊಂಡೆವು. ಫಾಸ್ಫೇಟ್‌ಗಾಗಿ ಅಂತ ಯಾವ ಹೇಳಿಕೆಯಲ್ಲೂ ಬರೆದಿರುವುದಿಲ್ಲ, ಬರೆಯುವ ಪದ್ಧತಿಯೂ ಇಲ್ಲ. ಮೊರಾಕ್ಕೋದಿಂದ ನಮಗೆ ಏನು ಬರುತ್ತದೆ ಅಂತ ನಿಮ್ಮ ಹಮಾಲರಿಗೇ ಗೊತ್ತಲ್ಲ. ಅಮೆರಿಕಾವೂ 2020ರಲ್ಲಿ ಆ ಜಾಗ ಮೊರಾಕ್ಕೋದ್ದೇ ಅಂತ ಒಪ್ಪಿತು, ಬದಲಿಗೆ ಮೊರಾಕ್ಕೋ ಇಸ್ರೇಲ್ ಜೊತೆ ಸಂಬಂಧ ಬೆಳೆಸಿತು. ನಿರಾಶ್ರಿತರಾಗಿ ಟೆಂಟ್‌ನಲ್ಲಿ ಕೂತ ಸಹಾರಾದವರನ್ನು ಯಾರೂ ಕೇಳಲಿಲ್ಲ.

ಒಬ್ಬರೇ ಮಾರುವವರನ್ನು ನಂಬಿದರೆ ಏನಾಗುತ್ತದೆ ಅಂತ ದೆಹಲಿಗೂ ಈಗ ಅರ್ಥ ಆಗಿದೆ. 2025ರ ಜುಲೈನಲ್ಲಿ ಸೌದಿ ಜೊತೆ ವರ್ಷಕ್ಕೆ 31 ಲಕ್ಷ ಟನ್ ಡಿಎಪಿ, ಐದು ವರ್ಷಕ್ಕೆ ಅಂತ ಒಪ್ಪಂದ ಆಯಿತು. ಒಮಾನ್‌ನಲ್ಲಂತೂ ಯೂರಿಯಾ ಕಾರ್ಖಾನೆಯಲ್ಲೇ ನಮ್ಮ ಸಹಕಾರಿ ಸಂಘಗಳ ಅರ್ಧ ಪಾಲು ಇದೆ. ಇದು ಒಳ್ಳೆಯ ಕೆಲಸ, ಹೊಗಳಬೇಕು.

ಉಳ್ಳಾಗಡ್ಡಿ_ಗದಗ
ಹೊಗಳಿ ಮೇಷ್ಟ್ರೇ. ಆದರೆ ಗೊಬ್ಬರಕ್ಕೆ ಐದು ವರ್ಷದ ಮಾತು ಕೊಡಲು ಬರುತ್ತದೆ, ಉಳ್ಳಾಗಡ್ಡಿಗೆ ಐದು ತಿಂಗಳ ಮಾತು ಕೊಡಲು ಬರುವುದಿಲ್ಲ. 2023ರ ಆಗಸ್ಟ್‌ನಲ್ಲಿ ರಫ್ತಿಗೆ ನೂರಕ್ಕೆ 40 ಸುಂಕ, ಡಿಸೆಂಬರ್‌ನಲ್ಲಿ ನಿಷೇಧ, 2024ರ ಮೇನಲ್ಲಿ ನಿಷೇಧ ತೆಗೆದು ಮತ್ತೆ 40 ಸುಂಕ, ಸೆಪ್ಟೆಂಬರ್‌ನಲ್ಲಿ 20, 2025ರ ಏಪ್ರಿಲ್‌ನಲ್ಲಿ ಸೊನ್ನೆ. ಇಷ್ಟರಲ್ಲಿ ಕೊಳ್ಳುವವರು ಬೇರೆ ಅಂಗಡಿ ನೋಡಿಕೊಂಡರು. ಸೌದಿ ಜೊತೆ ಕೂತು ಬರೆದ ಹಾಗೆ ಗದಗದವರ ಜೊತೆಗೂ ಒಂದು ಕಾಗದ ಬರೆಯಲಿ: ಬಿತ್ತುವಾಗ ಹೇಳಿದ ನಿಯಮ ಕೀಳುವ ತನಕ ಬದಲಾಗುವುದಿಲ್ಲ ಅಂತ. ಸಬ್ಸಿಡಿ ಬೇಡ, ಇದೊಂದು ಸಾಕು.

ಗಂಡುಮೆಟ್ಟಿದ_ಹುಬ್ಬಳ್ಳಿ
ಇದಕ್ಕೆ ನಾನು ಲೈಕ್ ಒತ್ತಿದ್ದೇನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಶಿಗ್ಗಾಂವಿ_ಅಕ್ಕ
ಅಣ್ಣಿಗೇರಿ ಅಣ್ಣಾರೇ, ನಿಮ್ಮ ಗೋವಿನಜೋಳ ಏನಾಯಿತು? ನಾವು ಮೊರಾಕ್ಕೋ ತನಕ ಹೋಗಿ ಬಂದೆವು, ನಿಮ್ಮನ್ನು ಪಾಳಿಯಲ್ಲೇ ಬಿಟ್ಟು.

ಎರೆಹೊಲ_ಅಣ್ಣಿಗೇರಿ
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಗೊಬ್ಬರದ ರೇಕ್ (ಗೂಡ್ಸ್ ರೈಲು) ಬಂತು ಅಂತ ಸುದ್ದಿ ಆಯಿತು. ಈ ಸಲ ಚಪ್ಪಲಿ ನಂಬಲಿಲ್ಲ, ನಾನೇ ನಿಂತೆ. ಹೆಬ್ಬೆಟ್ಟು ಮೂರು ಸಲ ಹೊಂದಲಿಲ್ಲ, ಕೈಗೆ ಮಣ್ಣು ಹತ್ತಿದೆ ತೊಳೆದುಕೊಂಡು ಬನ್ನಿ ಅಂದರು. ಹೋಗಿ ತೊಳೆದು ಬಂದೆ, ಪಾಳಿಯವರು ಜಾಗ ಬಿಟ್ಟುಕೊಟ್ಟರು. ಮೂರು ಚೀಲ ಸಿಕ್ತು. ಬಾಟಲಿ ಕೇಳಲಿಲ್ಲ.

ಮನೆಗೆ ತಂದು ರೇಕ್ ಅಣ್ಣನ ಮಾತು ನೆನಪಾಗಿ ಚೀಲ ಮಗುಚಿ ನೋಡಿದೆ. ಮುಂದೆ ದೊಡ್ಡದಾಗಿ ಭಾರತ್. ಹಿಂದೆ ಕೆಳಗೆ, ಹೊಲಿಗೆ ಹತ್ತಿರ, ಸಣ್ಣ ಅಕ್ಷರದಲ್ಲಿ ಒಮಾನ್. ನನ್ನ ಮಗಳು ಅಟ್ಲಾಸ್ ತಂದು ತೋರಿಸಿದಳು, ನಮ್ಮ ಕಾರವಾರದಿಂದ ಸಮುದ್ರದ ಆಚೆಗೇ ಇದೆ.

ಗಿರ್ಮಿಟ್_ಗೆಳೆಯ
ಒಮಾನ್ ಸುಲ್ತಾನರಿಗೆ ಒಂದು ಪ್ಲೇಟ್ ಮಿರ್ಚಿ ಭಜಿ ಪಾರ್ಸಲ್, ನನ್ನ ಲೆಕ್ಕದಲ್ಲಿ.

ರೇಕ್_ಪಾಯಿಂಟ್_ಹಾವೇರಿ
ಒಂದೇ ಸಲ ಎಲ್ಲಾ ಸುರಿಯಬೇಡಿ. ಸಾಲಿನ ಪಕ್ಕ ಹಾಕಿ ಕುಂಟೆ ಹೊಡೆಸಿ. ಮಳೆ ಜೋರಿದ್ದರೆ ಎರಡು ದಿನ ತಡೆಯಿರಿ, ಇಲ್ಲದಿದ್ದರೆ ಎಲ್ಲಾ ಬೆಣ್ಣಿಹಳ್ಳಕ್ಕೆ ಹೋಗುತ್ತದೆ.

ಎರೆಹೊಲ_ಅಣ್ಣಿಗೇರಿ
ಮುಗಿಲು ಮುಸುಕಿದೆ. ನಾಲ್ಕು ಎಕರೆಗೆ ಮೂರೇ ಚೀಲ, ಹಳದಿ ಜಾಸ್ತಿ ಇರುವ ಕಡೆ ಮೊದಲು ಹಾಕುತ್ತೇನೆ. ಹೋಗಿ ಬರುತ್ತೇನೆ.